ಮುಂಜಾನೆಯ ಆ ಹತ್ತು ಸೆಕೆಂಡ್: ಹೈಬ್ರಿಡ್ ಕಾರಿನ ಸಪ್ಪಳ ಕೇಳೋದು ಹೇಗೆ?

ಕಳೆದ ದೀಪಾವಳಿ ರಜೆಗೆ ಊರಿಗೆ ಹೋದಾಗ ನಮ್ಮ ಮನೆ ಮುಂದೆ ಒಂದು ಕಾರು ನಿಂತಿತ್ತು. ನಮ್ಮೂರು ಐರಣಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆ ಮೇಲಿದೆ. ಎರಡು ವರ್ಷದ ಗೋವಿನಜೋಳದ ದುಡ್ಡು ಕೂಡಿಟ್ಟು, ಮೇಲೊಂದಿಷ್ಟು ಸಾಲ ಮಾಡಿ ಅಪ್ಪ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತಂದಿದ್ದರು. ಅವ್ವನ ಮಂಡಿನೋವಿಗೆ ತಿಂಗಳಿಗೆ ಎರಡು ಸಲ ದಾವಣಗೆರೆಗೆ ಹೋಗಬೇಕು, ಪೆಟ್ರೋಲ್ ಉಳಿಯುತ್ತೆ ಅನ್ನೋದು ಅವರ ಲೆಕ್ಕ.

ಆದರೆ ಅಪ್ಪನ ಮುಖದಲ್ಲಿ ಖುಷಿ ಇರಲಿಲ್ಲ. “ಗಾಡಿ ಬಂದ್ ಇದ್ರೂ ಬಾಗಲಾ ತಗದ್ರ ಗುರ್ ಅಂತೈತಿ. ನಿಂತಲ್ಲೇ ತಾನ ಚಾಲೂ ಆಕ್ಕೈತಿ, ತಾನ ಬಂದ್ ಆಕ್ಕೈತಿ. ಮುಂಜಾನೆ ಅಂತೂ ಕಟಕಟ ಅಂತೈತಿ. ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ, ಏನಿದು ಹೇಳ ನೋಡೂಣು” ಅಂದರು.

ನಾನು ಎರಡೇ ದಿನದಲ್ಲಿ ಎಲ್ಲದಕ್ಕೂ ಉತ್ತರ ಕೊಟ್ಟೆ. ಅದರಲ್ಲಿ ಒಂದು ಉತ್ತರ ತಪ್ಪಾಗಿತ್ತು. ಆ ತಪ್ಪು ಹೇಗಾಯ್ತು ಅನ್ನೋದೇ ಈ ಲೇಖನ.

ಟ್ರ್ಯಾಕ್ಟರಿನ ಕಿವಿ ಯಾಕೆ ಸೋಲುತ್ತೆ?

ಟ್ರ್ಯಾಕ್ಟರ್ ಇರಲಿ, ಬೈಕ್ ಇರಲಿ, ಗೇರಿನಲ್ಲಿದ್ದಾಗ ಎಂಜಿನ್ನಿನ ವೇಗಕ್ಕೂ ಗಾಲಿಯ ವೇಗಕ್ಕೂ ನೇರ ಸಂಬಂಧ ಇರುತ್ತೆ. ಆ ಸಂಬಂಧವನ್ನು ನಮ್ಮ ಕಿವಿ ಗೊತ್ತಿಲ್ಲದೇ ಕಲಿತುಬಿಟ್ಟಿರುತ್ತೆ. ಸಪ್ಪಳ ಏರಿತು ಅಂದ್ರೆ ಗಾಡಿ ಓಡಬೇಕು. ಓಡದಿದ್ರೆ ಕ್ಲಚ್ ಸವೆದಿದೆ ಅಂತ ಅರ್ಥ.

ಟೊಯೋಟಾ ಮಾದರಿಯ ಹೈಬ್ರಿಡ್‌ನಲ್ಲಿ ಈ ಸಂಬಂಧ ಇರೋದಿಲ್ಲ. ಅಲ್ಲಿ ಗೇರ್‌ಬಾಕ್ಸ್ ಬದಲು ಒಂದು ಪ್ಲಾನೆಟರಿ ಗೇರ್ ಇದೆ. ನಡುವಿನ ಸನ್ ಗೇರಿಗೆ ಒಂದು ಜನರೇಟರ್, ಪ್ಲಾನೆಟ್‌ಗಳನ್ನು ಹಿಡಿದಿರೋ ಕ್ಯಾರಿಯರ್‌ಗೆ ಎಂಜಿನ್, ಹೊರಗಿನ ರಿಂಗ್ ಗೇರಿಗೆ ಮೋಟಾರ್ ಮತ್ತು ಗಾಲಿ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್ ತಗೊಳ್ಳಿ. ಅದರ ರಿಂಗ್‌ಗೆ 78 ಹಲ್ಲು, ಸನ್‌ಗೆ 30 ಹಲ್ಲು. ಲೆಕ್ಕ ಹೀಗಿರುತ್ತೆ:

78 × ರಿಂಗ್ ವೇಗ + 30 × ಸನ್ ವೇಗ = 108 × ಕ್ಯಾರಿಯರ್ ವೇಗ

ಕಾರು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಹೋಗ್ತಿದೆ, ರಿಂಗ್ 2000 ಆರ್‌ಪಿಎಂನಲ್ಲಿದೆ ಅಂದ್ಕೊಳ್ಳಿ.

– ಜನರೇಟರ್ ಹಿಂದಕ್ಕೆ 5200 ಆರ್‌ಪಿಎಂ ತಿರುಗಿದರೆ ಎಂಜಿನ್ ಸೊನ್ನೆ. ಅಂದ್ರೆ ಪೂರ್ತಿ ಬಂದ್.
– ಜನರೇಟರ್ ನಿಂತಿದ್ದರೆ ಎಂಜಿನ್ ಸುಮಾರು 1444.
– ಜನರೇಟರ್ ಮುಂದಕ್ಕೆ 5000 ತಿರುಗಿದರೆ ಎಂಜಿನ್ ಸುಮಾರು 2833.

ಗಾಡಿಯ ವೇಗ ಒಂದೇ, ಎಂಜಿನ್ನಿನ ದನಿ ಮಾತ್ರ ಮೂರು ಥರ! ಯಾವ ದನಿ ಬೇಕು ಅನ್ನೋದನ್ನ ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ಬ್ಯಾಟರಿ ಎಷ್ಟಿದೆ, ಕಾಲು ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ನೋಡಿ. ಹೆದ್ದಾರಿ 48ರಲ್ಲಿ ಲಾರಿ ಓವರ್‌ಟೇಕ್ ಮಾಡೋವಾಗ ಎಂಜಿನ್ ಮೊದಲು ಕೂಗಿ, ಗಾಡಿ ಆಮೇಲೆ ನಿಧಾನಕ್ಕೆ ವೇಗ ಹಿಡಿಯೋದು ಇದಕ್ಕೇ. ಅಪ್ಪ “ಕ್ಲಚ್ ಹೋಗೇತಿ” ಅಂದಿದ್ದರು. ಈ ಕಾರಿನಲ್ಲಿ ಅಂಥ ಕ್ಲಚ್ಚೇ ಇಲ್ಲ.

ಹೆದರಬೇಕಿಲ್ಲದ ಸಪ್ಪಳಗಳು

ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್, ಗ್ರ್ಯಾಂಡ್ ವಿಟಾರ ಹೈಬ್ರಿಡ್‌ಗಳು ತಯಾರಾಗ್ತಿವೆ. ಹೀಗಾಗಿ ನಮ್ಮ ಕಡೆಯ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಹೈಬ್ರಿಡ್‌ಗಳು ಬರ್ತಿವೆ. ಹೊಸದಾಗಿ ಕೊಂಡವರು ಗಾಬರಿಯಾಗೋ ಸಪ್ಪಳಗಳು ಇವು:

1. ಬಾಗಿಲು ತೆರೆದಾಗ ಕೆಲವೇ ಸೆಕೆಂಡ್ “ಗುರ್ರ್”: ಕೆಲವು ಹೈಬ್ರಿಡ್‌ಗಳಲ್ಲಿ ಬ್ರೇಕಿನ ಒತ್ತಡ ಕೂಡಿಡೋ ವಿದ್ಯುತ್ ಪಂಪ್ ಹೀಗೆ ಕೂಗುತ್ತೆ. ಎಂಜಿನ್ ಬಂದ್ ಇದ್ದಾಗಲೂ ಬ್ರೇಕ್ ಕೆಲಸ ಮಾಡಬೇಕಲ್ಲ.

2. ಬಟನ್ ಒತ್ತಿದಾಗ ಮತ್ತು ಬಂದ್ ಮಾಡಿದಾಗ “ಟಕ್”: ದೊಡ್ಡ ಬ್ಯಾಟರಿಯನ್ನು ಜೋಡಿಸೋ, ಕಳಚೋ ರಿಲೇ.

3. ನಿಂತಾಗ ಎಂಜಿನ್ ತಾನೇ ಚಾಲೂ: ಬ್ಯಾಟರಿ ಚಾರ್ಜ್ ಮಾಡೋಕೆ, ಇಲ್ಲವೇ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಸಿ ಮಾಡೋಕೆ.

4. ವೇಗ ಕಡಿಮೆ ಮಾಡೋವಾಗ ಸಣ್ಣಗೆ “ಕುಂಯ್”: ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ತುಂಬೋ ದನಿ.

5. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಟ್ಟದಿದ್ರೂ ಎಂಜಿನ್ ಜೋರು: ಶಿರಸಿಯಿಂದ ಕುಮಟಾಗೆ ದೇವಿಮನೆ ಘಟ್ಟ ಇಳಿಯೋವಾಗ ಬ್ಯಾಟರಿ ತುಂಬಿಬಿಟ್ರೆ, ಪೆಟ್ರೋಲ್ ಸುಡದೇ ಎಂಜಿನ್ನನ್ನು ಬರೀ ತಿರುಗಿಸಿ ವೇಗ ತಡೆಯಲಾಗುತ್ತೆ.

6. ಹಿಂದಿನ ಸೀಟಿನ ಕಡೆಯಿಂದ ಗಾಳಿಯ ಸಪ್ಪಳ: ಬ್ಯಾಟರಿ ತಂಪು ಮಾಡೋ ಫ್ಯಾನ್. ಮೆಲ್ಲಗಿದ್ರೆ ಸಹಜ. ಯಾವಾಗಲೂ ಜೋರಾಗಿದ್ರೆ ನೋಡಲೇಬೇಕು.

ಈ ಆರನೆಯದು ನಮ್ಮ ಕಾರಿನಲ್ಲಿ ಜೋರಾಗಿಯೇ ಇತ್ತು. ನೋಡಿದ್ರೆ ಅಪ್ಪ ಬ್ಯಾಡಗಿಯಿಂದ ತಂದ ಮೆಣಸಿನಕಾಯಿ ಚೀಲ ಹಿಂದಿನ ಸೀಟಿನ ಬದಿಯ ಗಾಳಿಕಿಂಡಿಗೆ ಒತ್ತಿಕೊಂಡು ಕೂತಿತ್ತು. ಕಿಂಡಿಯ ಜಾಳಿಗೆ ತುಂಬಾ ಧೂಳು, ಕೂದಲು. ಚೀಲ ತೆಗೆದು ಜಾಳಿಗೆ ಸ್ವಚ್ಛ ಮಾಡಿದ ಮೇಲೆ ಫ್ಯಾನ್ ತಣ್ಣಗಾಯ್ತು. ಹಾಗೇ ಬಿಟ್ಟಿದ್ರೆ ಬ್ಯಾಟರಿ ಬಿಸಿಯಾಗಿ ಅದರ ಆಯಸ್ಸು ಕಡಿಮೆ ಆಗ್ತಿತ್ತು.

ಇಷ್ಟೆಲ್ಲ ವಿವರಿಸಿದ ಮೇಲೆ ನನಗೂ ಸ್ವಲ್ಪ ಗತ್ತು ಬಂದಿತ್ತು. ಮುಂಜಾನೆಯ ಕಟಕಟಕ್ಕೂ “ಅದು ಹೈಬ್ರಿಡ್ ಅಪ್ಪ, ಹಂಗೇ ಇರತೈತಿ” ಅಂದುಬಿಟ್ಟೆ.

ಎಷ್ಟು ಜೋರು ಅಲ್ಲ, ಯಾವಾಗ?

ಅಪ್ಪ ಒಪ್ಪಲಿಲ್ಲ. “ಉಳಿದ ಸಪ್ಪಳ ದಿನಾ ಹತ್ತ ಸಲ ಬರ್ತಾವು. ಇದು ಮುಂಜಾನೆ ಒಂದ ಸಲ ಬರ್ತೈತಿ, ಆಮ್ಯಾಲೆ ದಿನಾಪೂರ್ತಿ ಇಲ್ಲ. ಯಾಕ?” ಅಂತ ಕೇಳಿದರು. ಆ “ಯಾಕ”ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾದ ಡಯಾಗ್ನೊಸಿಸ್ ಅಲ್ಲಿಂದ ಶುರುವಾಯ್ತು. ಈಗ ಯಾವ ಸಪ್ಪಳಕ್ಕೂ ನಾನು ಈ ನಾಲ್ಕು ಪ್ರಶ್ನೆ ಕೇಳ್ತೀನಿ:

– ಗಾಲಿಯ ವೇಗದ ಜೊತೆ ಏರಿಳಿಯುತ್ತಾ? ಎಂಜಿನ್ ಬಂದ್ ಆಗಿ ಕಾರು ಬರೀ ಬ್ಯಾಟರಿಯಲ್ಲಿ ಓಡೋವಾಗಲೂ ಇದ್ರೆ ಅದು ಟೈರು, ವೀಲ್ ಬೇರಿಂಗ್ ಅಥವಾ ಮೋಟಾರ್ ಕಡೆಯದು. ತಿರುವಿನಲ್ಲಿ ಹೆಚ್ಚುಕಡಿಮೆ ಆದ್ರೆ ಬೇರಿಂಗ್ ಮೇಲೆ ಅನುಮಾನ.
– ಎಂಜಿನ್ ಎದ್ದಾಗ ಮಾತ್ರ ಬರುತ್ತಾ? ಹಾಗಿದ್ರೆ ಎಂಜಿನ್, ಸೈಲೆನ್ಸರ್, ಇಲ್ಲವೇ ಸಡಿಲಾದ ತಗಡು.
– ಎಂಜಿನ್ ಏಳೋ ಮತ್ತು ನಿಲ್ಲೋ ಕ್ಷಣದಲ್ಲಿ ಮಾತ್ರವಾ? ಹಾಗಿದ್ರೆ ಎಂಜಿನ್ ಮೌಂಟ್, ಅಥವಾ ಎಂಜಿನ್ನಿಗೂ ಪ್ಲಾನೆಟರಿ ಗೇರಿಗೂ ನಡುವೆ ಇರೋ ಸ್ಪ್ರಿಂಗಿನ ಡ್ಯಾಂಪರ್.
– ತಣ್ಣಗಿದ್ದಾಗ ಮಾತ್ರವಾ? ಹಾಗಿದ್ರೆ ರಾತ್ರಿ ಏನಾಯ್ತು ಅಂತ ಕೇಳಬೇಕು.

ಫೋನಿನಲ್ಲಿ ಉಚಿತವಾಗಿ ಸಿಗೋ ಸ್ಪೆಕ್ಟ್ರಮ್ ಆ್ಯಪ್ ಇದಕ್ಕೆ ಸಹಾಯ ಮಾಡುತ್ತೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತೆ. 1200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 20 ಸುತ್ತು, ಅಂದ್ರೆ 40 ಹರ್ಟ್ಸ್. ಒಂದು ಸಿಲಿಂಡರ್ ಮಾತ್ರ ಉರಿಯದೇ ಹೋದ್ರೆ ಆ ತಪ್ಪು ಎರಡು ಸುತ್ತಿಗೊಮ್ಮೆ ಬರುತ್ತೆ, ಅಂದ್ರೆ 10 ಹರ್ಟ್ಸ್. ಅಷ್ಟು ಕಡಿಮೆ ಕಂಪನ ಫೋನಿನ ಮೈಕಿಗೆ ಸರಿಯಾಗಿ ಸಿಗಲ್ಲ, ಆದ್ರೆ ಸ್ಟೀರಿಂಗ್ ಹಿಡಿದ ಕೈಗೆ ನಡುಕವಾಗಿ ಗೊತ್ತಾಗುತ್ತೆ. ಅಪ್ಪ ಕಟಕಟದ ಜೊತೆ “ಗಾಡಿ ನಡಗತೈತಿ” ಅಂತ ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ರಾತ್ರಿ ಏನಾಗ್ತಿತ್ತು?

ಕೂಲಂಟ್ ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದ್ವಿ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ನೋಡಿದ್ವಿ. ಬಹಳಷ್ಟು ಹೈಬ್ರಿಡ್‌ಗಳಲ್ಲಿ ಎರಡು ಡಬ್ಬಿ ಇರುತ್ತೆ, ಒಂದು ಎಂಜಿನ್ನಿಗೆ, ಇನ್ನೊಂದು ಇನ್ವರ್ಟರ್‌ಗೆ. ಇನ್ವರ್ಟರಿನದು ಗೆರೆಯಲ್ಲೇ ಇತ್ತು. ಎಂಜಿನ್ನಿನದು ಒಂದು ವಾರದಲ್ಲಿ ಬೆರಳಗಲ ಇಳಿದಿತ್ತು. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೊರಗೆ ಸೋರ್ತಿಲ್ಲ ಅಂದ್ರೆ ಒಳಗೆ ಹೋಗ್ತಿದೆ.

ರಾಣೆಬೆನ್ನೂರಿನ ಮೆಕ್ಯಾನಿಕ್ ಒಬ್ಬರು ಸಂಜೆ ಕೂಲಿಂಗ್ ವ್ಯವಸ್ಥೆಗೆ ಪಂಪಿನಿಂದ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿದರು. ಮೂರು ಪಿಸ್ಟನ್‌ಗಳ ತಲೆ ಮಸಿ ಹಿಡಿದು ಕಪ್ಪಗಿತ್ತು. ಒಂದು ಮಾತ್ರ ತೊಳೆದ ಪಾತ್ರೆ ಹಾಗೆ ಹೊಳೀತಿತ್ತು, ಮೇಲೆ ಕೂಲಂಟಿನ ಪಸೆ. ಹೆಡ್ ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು.

ಕಾರಣ ಇಷ್ಟು. ಗಾಡಿ ನಿಲ್ಲಿಸಿದ ಮೇಲೂ ಕೂಲಂಟಿನಲ್ಲಿ ಒತ್ತಡ ಉಳಿದಿರುತ್ತೆ. ಆ ಒತ್ತಡ ಸಣ್ಣ ಬಿರುಕಿನಿಂದ ಕೂಲಂಟನ್ನು ಸಿಲಿಂಡರಿಗೆ ತಳ್ಳುತ್ತೆ. ಬೆಳಿಗ್ಗೆ ಆ ಸಿಲಿಂಡರ್ ಉರಿಯಲ್ಲ. ಎಂಜಿನ್ ನಡುಗುತ್ತೆ, ಆ ನಡುಕಕ್ಕೆ ಡ್ಯಾಂಪರ್ ಕಟಕಟ ಅನ್ನುತ್ತೆ. ಹತ್ತು ಸೆಕೆಂಡಿನಲ್ಲಿ ಕೂಲಂಟ್ ಆವಿಯಾಗಿ ಹೋಗುತ್ತೆ, ಮತ್ತೆ ಎಲ್ಲಾ ಸುಮ್ಮನೆ. ಸೈಲೆನ್ಸರಿನಿಂದ ಬಿಳಿ ಹೊಗೆ, ಸಿಹಿ ವಾಸನೆ ಬಂದ್ರೂ ಇದೇ ಸುಳಿವು.

ಇದನ್ನ ಸಾಮಾನ್ಯ ಕಾರಿಗಿಂತ ಹೈಬ್ರಿಡ್‌ನಲ್ಲಿ ಗಂಭೀರವಾಗಿ ತಗೋಬೇಕು. ಸಾಮಾನ್ಯ ಸ್ಟಾರ್ಟರ್ ಎಂಜಿನ್ನನ್ನು ನಿಮಿಷಕ್ಕೆ ಇನ್ನೂರು-ಮುನ್ನೂರು ಸುತ್ತು ತಿರುಗಿಸುತ್ತೆ. ಹೈಬ್ರಿಡ್‌ನ ಜನರೇಟರ್ ಒಂದೇ ಉಸಿರಿಗೆ ಸುಮಾರು 1000ಕ್ಕೆ ಏರಿಸುತ್ತೆ. ದ್ರವ ಗಾಳಿಯ ಹಾಗೆ ಅದುಮಿಕೊಳ್ಳಲ್ಲ. ಸಿಲಿಂಡರಿನಲ್ಲಿ ಜಾಸ್ತಿ ದ್ರವ ನಿಂತಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಆಮೇಲೆ ಗ್ಯಾಸ್ಕೆಟ್ ಖರ್ಚಲ್ಲ, ಎಂಜಿನ್ ಖರ್ಚು. ನನ್ನ “ಹಂಗೇ ಇರತೈತಿ” ಮಾತು ಕೇಳಿ ಅಪ್ಪ ಸುಮ್ಮನಿದ್ದಿದ್ರೆ ನಮ್ಮ ಕಾರೂ ಅಲ್ಲಿಗೇ ಹೋಗ್ತಿತ್ತು.

ಕೊಳ್ಳೋ ಮುಂಚೆ

ಅಪ್ಪ ಕಾರು ನೋಡೋಕೆ ಹೋಗಿದ್ದು ಮಧ್ಯಾಹ್ನ. ಅಷ್ಟೊತ್ತಿಗೆ ಮಾರಿದವರು ಎಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಬೇಕಂತಲೋ, ಸಹಜವಾಗಿಯೋ, ಹೇಳೋಕಾಗಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಬಹುಪಾಲು ದಾರಿ ಕಾರು ಬ್ಯಾಟರಿಯಲ್ಲೇ ಓಡಿತು. “ಏನೂ ಸಪ್ಪಳ ಇಲ್ಲ” ಅಂತ ಅಪ್ಪ ಮೆಚ್ಚಿದ್ದರು. ಎಂಜಿನ್ನೇ ಏಳದಿದ್ರೆ ಸಪ್ಪಳ ಎಲ್ಲಿಂದ ಬರಬೇಕು?

ಅದಕ್ಕೇ ಈ ನಿಯಮಗಳು:

– ಬೆಳಿಗ್ಗೆ ಹೋಗಿ. ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ.
– ಎಂಜಿನ್ ಏಳೋ ಮೊದಲ ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೈ ಸ್ಟೀರಿಂಗ್ ಮೇಲಿರಲಿ.
– ಎರಡೂ ಕೂಲಂಟ್ ಡಬ್ಬಿ ನೋಡಿ. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ.
– ಬ್ಯಾಟರಿಯಲ್ಲಿ ಒಂದು ಸುತ್ತು, ಎಂಜಿನ್ ಎದ್ದಾಗ ಒಂದು ಸುತ್ತು, ಎರಡೂ ಓಡಿಸಿ.
– ಹಿಂದಿನ ಸೀಟಿನ ಗಾಳಿಕಿಂಡಿಯ ಜಾಳಿಗೆ ನೋಡಿ.
– “ರೆಡಿ” ದೀಪ ಉರೀತಿದ್ರೆ ಬಾನೆಟ್ ಒಳಗೆ ಕೈ ಹಾಕಬೇಡಿ, ಎಂಜಿನ್ ಯಾವಾಗ ಬೇಕಾದ್ರೂ ಏಳುತ್ತೆ. ಕಿತ್ತಳೆ ಬಣ್ಣದ ಕೇಬಲ್ ಅಂತೂ ಮುಟ್ಟಲೇಬೇಡಿ, ಅದು ಹೈ ವೋಲ್ಟೇಜ್.

ಗ್ಯಾಸ್ಕೆಟ್ ಬದಲಾಯ್ತು. ಹೆಡ್ ಬಿಚ್ಚಿ ಲೇತ್‌ನವರ ಹತ್ತಿರ ಸಮತಟ್ಟು ಮಾಡಿಸಿದ್ವಿ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯ್ತು. ಅವ್ವ ಈಗ ಕಾರಿನಲ್ಲೇ ದಾವಣಗೆರೆಗೆ ಹೋಗಿ ಬರ್ತಾಳೆ. ಅಪ್ಪ ಮಾತ್ರ ಇವತ್ತಿಗೂ ಬಟನ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕೂತು ಕೇಳ್ತಾರೆ, ಆಮೇಲೇ ಗಾಡಿ ಅಂಗಳದಿಂದ ಹೊರಗೆ ತೆಗೀತಾರೆ. ನಾನೂ ಪಕ್ಕದಲ್ಲಿ ಕೂತು ಕೇಳೋದು ಕಲೀತಿದ್ದೀನಿ.