ಎಳೆಯ ಮಕ್ಕಳಿಗೆ ಯಾವ ಚೀಸ್?

ಆರು ತಿಂಗಳು ತುಂಬಿ ಮೇಲಾಹಾರ ಶುರುವಾದ ಮಗುವಿಗೆ ಪಾಶ್ಚರೀಕರಿಸಿದ ಹಾಲಿನ, ಕೆನೆ ತೆಗೆಯದ ಚೀಸ್ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಹಾಲಿನ ಅಲರ್ಜಿ ಇರುವ ಮಗುವಿಗೆ ಪನೀರ್ ಸೇರಿದಂತೆ ಯಾವುದೂ ಸಲ್ಲದು.

ಆಯ್ಕೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಉಪ್ಪು. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಂ ಉಪ್ಪೂ ಹೆಚ್ಚೇ. ಒಂದರಿಂದ ಮೂರು ವರ್ಷದವರಿಗೆ 2 ಗ್ರಾಂ ಮಿತಿ. ಅಂಗಡಿಯ ಸ್ಲೈಸ್, ಕ್ಯೂಬ್, ಸ್ಪ್ರೆಡ್‌ಗಳು ಸಂಸ್ಕರಿತ ಚೀಸ್. ಅವುಗಳಲ್ಲಿ ಅಡುಗೆ ಉಪ್ಪಿನ ಜೊತೆಗೆ ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ಗಳೂ ಇರುವುದುಂಟು. ಲೇಬಲ್‌ನಲ್ಲಿ ಸೋಡಿಯಂ ಎಂದಷ್ಟೇ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿದಾಗ ಉಪ್ಪಿನ ಲೆಕ್ಕ ಸಿಗುತ್ತದೆ: 300 ಮಿಲಿಗ್ರಾಂ ಸೋಡಿಯಂ ಎಂದರೆ ಮುಕ್ಕಾಲು ಗ್ರಾಂ ಉಪ್ಪು. ಪೊಟ್ಟಣದ ಮೇಲಿನ ಕಾರ್ಟೂನಿಗಿಂತ ಈ ಸಣ್ಣಕ್ಷರದ ಪಟ್ಟಿಯೇ ಹೆಚ್ಚು ಹೇಳುತ್ತದೆ.

ಈ ದೃಷ್ಟಿಯಿಂದ ಮನೆಯ ಪನೀರ್ ಎಲ್ಲಕ್ಕಿಂತ ಒಳ್ಳೆಯದು. ಕುದಿಯುವ ಹಾಲಿಗೆ ನಿಂಬೆರಸ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಸೋಸಿದರೆ ಆಯಿತು, ಉಪ್ಪೇ ಬೇಕಿಲ್ಲ. ಉಪ್ಪುನೀರಿನಲ್ಲಿಡದ ತಾಜಾ ಮೊಜ್ಜರೆಲ್ಲಾ ನಂತರದ್ದು. ಚೆಡ್ಡಾರ್‌ನಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಉಪ್ಪೂ ಇದೆ. ದೋಸೆಯ ಮೇಲೆ ಚಿಟಿಕೆಯಷ್ಟು ತುರಿದು ಹಾಕಿದರೆ ಸಾಕು.

ಬ್ರೀ, ಕಮೆಂಬರ್ಟ್, ನೀಲಿ ಬೂಷ್ಟಿನ ಚೀಸ್ ಹಾಗೂ ಹಸಿ ಹಾಲಿನವುಗಳಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಭಯವಿರುವುದರಿಂದ ಎಳೆಯರಿಗೆ ಬೇಡ.

ಗಟ್ಟಿ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತುರಿಯಬೇಕು, ಇಲ್ಲವೇ ಪುಡಿ ಮಾಡಬೇಕು. ಪ್ರಮಾಣವೂ ಮಿತವಾಗಿರಲಿ: ಚೀಸ್‌ನಿಂದಲೇ ಹೊಟ್ಟೆ ತುಂಬಿದ ಮಗು ರಾಗಿ, ಬೇಳೆ, ಸೊಪ್ಪು ಮುಟ್ಟುವುದಿಲ್ಲ. ಅವುಗಳಿಂದ ಸಿಗುವ ಕಬ್ಬಿಣಾಂಶ ಚೀಸ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.