ನಂಬರ್ ಒನ್ ರಸಾಯನ ವಿಜ್ಞಾನಿ ಯಾರು?

ಫರೀದಾಬಾದಿನಲ್ಲಿ ಪಿಎಚ್‌ಡಿಗೆ ಗೈಡ್ ಹುಡುಕುತ್ತಿರುವ ಮಗುವಿಗೆ ಆಶೀರ್ವಾದಗಳು.

ಗೂಗಲ್ ಸ್ಕಾಲರ್ ನೋಡಿ, ಪ್ರೊಫೆಸರುಗಳ ಎಚ್-ಇಂಡೆಕ್ಸ್ ಬರೆದುಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಕಳಿಸಿದ ಪಟ್ಟಿ ತಲುಪಿತು. ಮೊದಲ ಮೂವರಲ್ಲಿ ಯಾರ ಬಳಿ ಸೇರಿದರೂ ಸಾಕಲ್ಲವೇ ಎಂಬ ಪ್ರಶ್ನೆಯೂ ಜೊತೆಗಿತ್ತು. ಸಾಲದು.

ಎಚ್-ಇಂಡೆಕ್ಸ್ ಎಂಬ ಅಂಕಿಯನ್ನು 2005ರಲ್ಲಿ ಹುಟ್ಟುಹಾಕಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ತಲಾ 40 ಸಲವಾದರೂ ಉಲ್ಲೇಖವಾದ 40 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 40. ಮೂರೇ ಪ್ರಬಂಧ ಬರೆದು, ಒಂದೊಂದನ್ನೂ ಸಾವಿರಾರು ಜನ ಉಲ್ಲೇಖಿಸಿದರೂ ಅದು 3ನ್ನು ದಾಟುವುದಿಲ್ಲ. ರಸಾಯನ ವಿಜ್ಞಾನಿಗಳಿಗೆ ಈ ಲೆಕ್ಕ ಬೇಗ ರುಚಿಸಿತು. ಜಾರ್ಜಿಯಾ ವಿಶ್ವವಿದ್ಯಾಲಯದ ಹೆನ್ರಿ ಶೇಫರ್ ಬದುಕಿರುವ ರಸಾಯನ ವಿಜ್ಞಾನಿಗಳನ್ನು ಇದೇ ಅಂಕಿಯಿಂದ ಸಾಲಾಗಿ ನಿಲ್ಲಿಸಿದರು. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅದನ್ನು ಪ್ರಕಟಿಸಿತು. (ಪಟ್ಟಿ ಮಾಡಿದವರೂ ಪಟ್ಟಿಯಲ್ಲಿದ್ದರು, ಅದು ಬೇರೆ ಮಾತು.) ಹಿರ್ಷ್ ಅವರೇ ಮುಂದೆ ತಮ್ಮ ಅಂಕಿಯ ಅಡ್ಡಪರಿಣಾಮಗಳ ಬಗ್ಗೆ ಬರೆಯಬೇಕಾಯಿತು.

ನಮ್ಮವರ ಉದಾಹರಣೆಯನ್ನೇ ನೋಡಬಹುದು. ಬಸವನಗುಡಿಯಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 100 ಮುಟ್ಟಿತೆಂದು 2013ರಲ್ಲಿ ಪತ್ರಿಕೆಗಳು ಸಂಭ್ರಮಿಸಿದವು. ಅದೇ ವರ್ಷ ಭಾರತರತ್ನವೂ ಘೋಷಣೆಯಾಯಿತು. ಆದರೆ ಅವರು ಪ್ರಬಂಧ ಬರೆಯಲು ಶುರುಮಾಡಿದ್ದು 1950ರ ದಶಕದಲ್ಲಿ. ಈ ಅಂಕಿ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ. ಅರುವತ್ತು ವರ್ಷ ದುಡಿದವರ ಪಕ್ಕದಲ್ಲಿ ನಿನ್ನೆ ಮೊನ್ನೆ ಲ್ಯಾಬ್ ತೆರೆದವರನ್ನಿಟ್ಟು ಅಳೆದರೆ ಸಿಗುವುದು ವಯಸ್ಸಿನ ಲೆಕ್ಕ. 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನದ ವಿಭಾಗವನ್ನೂ, 1989ರಲ್ಲಿ ಜವಾಹರಲಾಲ್ ನೆಹರೂ ಕೇಂದ್ರವನ್ನೂ ರಾವ್ ಕಟ್ಟಿದರಲ್ಲ, ಆ ದುಡಿಮೆ ಯಾವ ಇಂಡೆಕ್ಸಿಗೂ ಸೇರಿಲ್ಲ.

ಉಲ್ಲೇಖ ಹೆಚ್ಚಿದ್ದರೆ ಪ್ರತಿಭೆ ಹೆಚ್ಚು ಎನ್ನುವುದಕ್ಕೂ ಆಧಾರ ಕಡಿಮೆ. 2014ರಲ್ಲಿ ನೇಚರ್ ಪತ್ರಿಕೆ ಹುಡುಕಿದಾಗ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖವಾದ ಪ್ರಬಂಧವೆಂದು ಸಿಕ್ಕಿದ್ದು ಆಲಿವರ್ ಲೌರಿ 1951ರಲ್ಲಿ ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಉಲ್ಲೇಖಗಳು ಮೂರು ಲಕ್ಷಕ್ಕೂ ಮಿಗಿಲು. ಅದೇನೂ ಮಹಾ ಪ್ರಬಂಧವಲ್ಲ ಎಂಬುದು ಲೌರಿಯವರ ಅಭಿಪ್ರಾಯವೇ ಆಗಿತ್ತು. ಲ್ಯಾಬಿನಲ್ಲಿ ಎಲ್ಲರಿಗೂ ಬೇಕಾಗುವ ವಿಧಾನವಾದ್ದರಿಂದ ಎಲ್ಲರೂ ಉಲ್ಲೇಖಿಸಿದರು, ಅಷ್ಟೇ.

ಇನ್ನು ಇದರ ತಿರುವುಮುರುವು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿದ್ದು 1963ರಲ್ಲಿ ಪ್ರಕಟಿಸಿದ ನಕ್ಷೆಯಿಂದ ಇಂದಿಗೂ ಪ್ರೋಟೀನ್ ರಚನೆಗಳ ಸಾಚಾತನ ಪರೀಕ್ಷಿಸುತ್ತಾರೆ. ಫರೀದಾಬಾದಿನ ರೀಜನಲ್ ಸೆಂಟರ್ ಫಾರ್ ಬಯೋಟೆಕ್ನಾಲಜಿಯಂಥ ಕಡೆ ಪ್ರೋಟೀನ್ ರಚನೆ ಬಿಡಿಸುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಅದೀಗ ಎಷ್ಟು ಮನೆಮಾತಾಗಿದೆಯೆಂದರೆ, ಮೂಲ ಪ್ರಬಂಧವನ್ನು ಉಲ್ಲೇಖಿಸುವ ಗೋಜಿಗೇ ಬಹಳ ಜನ ಹೋಗುವುದಿಲ್ಲ.

2002ರಲ್ಲಿ ರಸಾಯನದ ನೊಬೆಲ್ ಹಂಚಿಕೊಂಡ ಕೋಯಿಚಿ ತನಾಕಾ ಕ್ಯೋಟೋದ ಶಿಮಾಡ್ಜು ಕಂಪನಿಯ ಎಂಜಿನಿಯರ್. ಪಿಎಚ್‌ಡಿ ಇರಲಿಲ್ಲ, ಪ್ರಬಂಧಗಳೂ ಕೆಲವೇ. ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿ, ಚೆಲ್ಲಲು ಮನಸ್ಸಾಗದೆ ಅದನ್ನೇ ಯಂತ್ರಕ್ಕಿಟ್ಟು ನೋಡಿದ್ದೇ ಪ್ರೋಟೀನಿನಂಥ ಭಾರಿ ಅಣುಗಳನ್ನು ಒಡೆಯದೆ ತೂಗುವ ದಾರಿ ತೋರಿಸಿತು. ಪಟ್ಟಿಯಲ್ಲಿ ಹುಡುಕಿದ್ದರೆ ಅವರು ಯಾವ ಮೂಲೆಯಲ್ಲಿದ್ದಾರೋ!

ಅಂಥ ಕೆಲಸ ನೋಡಲು ಕ್ಯೋಟೋಗೆ ಹೋಗಬೇಕಿಲ್ಲ. 1972ರಿಂದ ಫರೀದಾಬಾದಿನಲ್ಲೇ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರವಿದೆ. ಕಚ್ಚಾತೈಲದಲ್ಲಿ ಉಳಿಯುವ ಭಾರಿ ಗಸಿಯಿಂದ ಅಡುಗೆ ಅನಿಲ ತೆಗೆಯುವ ಇಂಡ್‌ಮ್ಯಾಕ್ಸ್ ವಿಧಾನ ಅಲ್ಲಿನ ವೇಗವರ್ಧಕ ತಜ್ಞರದ್ದು. ಅದು 2003ರಲ್ಲಿ ಗುವಾಹಟಿ ರಿಫೈನರಿಯಲ್ಲಿ, ಆಮೇಲೆ ದೊಡ್ಡ ಪ್ರಮಾಣದಲ್ಲಿ ಪಾರಾದೀಪಿನಲ್ಲಿ ಬಂತು. ಇಂಥ ರಸಾಯನ ಪೇಟೆಂಟಿಗೆ ಹೋಗುತ್ತದೆ, ರಿಫೈನರಿಯ ಪೈಪುಗಳಿಗೆ ಹೋಗುತ್ತದೆ. ಗೂಗಲ್ ಸ್ಕಾಲರಿನ ಅಂಕಿಗೆ ಅದರಿಂದ ಸಿಗುವುದು ಅಲ್ಪ.

ಅಂಕಿಗೇ ಬೆಲೆ ಕಟ್ಟಿದರೆ ಅಂಕಿ ಮಾರಾಟಕ್ಕೂ ಬರುತ್ತದೆ. ಅತಿ ಹೆಚ್ಚು ಉಲ್ಲೇಖವಾದವರ ಪಟ್ಟಿಯಲ್ಲಿದ್ದ ಸ್ಪೇನಿನ ರಸಾಯನ ವಿಜ್ಞಾನಿಯೊಬ್ಬರು ಸೌದಿ ಮತ್ತು ರಷ್ಯಾದ ವಿಶ್ವವಿದ್ಯಾಲಯಗಳ ಹೆಸರನ್ನೂ ಹಚ್ಚಿಕೊಂಡಿದ್ದಕ್ಕೆ ಕಾರ್ಡೋಬಾ ವಿಶ್ವವಿದ್ಯಾಲಯ ಅವರನ್ನು ಸಂಬಳವಿಲ್ಲದೆ 13 ವರ್ಷ ಅಮಾನತು ಮಾಡಿದ್ದು 2023ರಲ್ಲಿ ಸುದ್ದಿಯಾಯಿತು. ಆ ವರ್ಷವೇ, ಈ ಪಟ್ಟಿ ಹೊರಡಿಸುವ ಕ್ಲಾರಿವೇಟ್ ಸಂಸ್ಥೆ ಶಂಕೆಯ ಮೇಲೆ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು.

ಹಾಗಂತ ಕಳಿಸಿದ ಪಟ್ಟಿಯನ್ನು ಹರಿದು ಹಾಕಬೇಕಾಗಿಲ್ಲ. ಎಚ್-ಇಂಡೆಕ್ಸ್ ಪಕ್ಕದಲ್ಲಿ ಇನ್ನೊಂದಿಷ್ಟು ಕಾಲಂ ಎಳೆಯುವುದು ಒಳ್ಳೆಯದು: ಆ ಪ್ರೊಫೆಸರರ ಮೊದಲ ಪ್ರಬಂಧ ಯಾವ ವರ್ಷದ್ದು, ಪ್ರಬಂಧಗಳಲ್ಲಿ ವಿಮರ್ಶಾ ಲೇಖನಗಳೆಷ್ಟು, ಉಲ್ಲೇಖಿಸಿದವರಲ್ಲಿ ಅವರದೇ ಗುಂಪಿನವರೆಷ್ಟು, ಪೇಟೆಂಟುಗಳಿವೆಯೇ, ಹಳೆಯ ವಿದ್ಯಾರ್ಥಿಗಳು ಈಗೆಲ್ಲಿದ್ದಾರೆ. ಅವರ ಐದು ಪ್ರಬಂಧಗಳನ್ನು ಪೂರ್ತಿ ಓದಿ, ಲ್ಯಾಬಿನ ಸೀನಿಯರುಗಳ ಜೊತೆ ಚಹಾ ಕುಡಿಯುತ್ತ ಥೀಸಿಸ್ ಮುಗಿಯಲು ಎಷ್ಟು ವರ್ಷ ಹಿಡಿಯಿತು, ಪ್ರಬಂಧದಲ್ಲಿ ಮೊದಲ ಹೆಸರು ಯಾರದ್ದಿರುತ್ತದೆ ಎಂದು ಕೇಳಿ, ಆ ಕಾಲಂಗಳೂ ತುಂಬಿದ ಮೇಲೆ ಪಟ್ಟಿಯನ್ನು ಮತ್ತೆ ಕಳಿಸು.