ಕೆಟ್ಟಿದ್ದು ಕ್ಯಾಮೆರಾ ಅಲ್ಲ, ವೈರು

ಗೋಕಾಕ ಫಾಲ್ಸ್‌ನಲ್ಲಿರುವ ಅಣ್ಣನ ಮನೆಗೆ ಎರಡನೇ ಸಲ ಸಿಸಿಟಿವಿ ಹಾಕಿಸಲು 18,500 ರೂಪಾಯಿ ಹೋಯಿತು. ಅದರಲ್ಲಿ ಅರ್ಧ ನಾನು ಕಳಿಸಿದ್ದು. ಮೊದಲಿನ ಸೆಟ್ಟಿಗೆ ಮೂರು ವರ್ಷವೂ ತುಂಬಿರಲಿಲ್ಲ. ಹಿತ್ತಲ ಕಡೆಯ ಎರಡು ಕ್ಯಾಮೆರಾ ರಾತ್ರಿ ಕಪ್ಪಾಗುತ್ತಿದ್ದವು, ಬೆಳಗಾದರೆ ತಾವಾಗಿಯೇ ಸರಿಯಾಗುತ್ತಿದ್ದವು. ನೋಡಲು ಬಂದ ಹುಡುಗ ಏಣಿ ಹತ್ತಿ ಇಳಿದು, "ಒಳಗಿನ ಬೋರ್ಡ್ ಸುಟ್ಟಾವ್ರಿ, ಇದನ್ನ ರಿಪೇರಿ ಮಾಡಸೂದ್ರಾಗ ಅರ್ಥ ಇಲ್ಲ, ಹೊಸಾದ ಹಾಕ್ಸಿಬಿಡ್ರಿ" ಅಂದ. ಅತ್ತಿಗೆಗೆ ರಾತ್ರಿ ಭಯ. ಪಕ್ಕದ ಓಣಿಯಲ್ಲಿ ಬೈಕ್ ಕಳುವಾದ ಸುದ್ದಿ ಆಗಷ್ಟೇ ಬಂದಿತ್ತು. ಭಯದ ಹೊತ್ತಿನಲ್ಲಿ ಬಂದ ಕೊಟೇಶನ್ನಿಗೆ ಮನೆಯವರು ಯಾರೂ ಚೌಕಾಸಿ ಮಾಡುವುದಿಲ್ಲ. ನಾಲ್ಕು ಹೊಸ ಕ್ಯಾಮೆರಾ, ದೃಶ್ಯ ದಾಖಲಿಸುವ ಹೊಸ ಡಿವಿಆರ್, ಒಂದು ಟಿಬಿ ಹಾರ್ಡ್ ಡಿಸ್ಕ್ ಬಂದವು. ವೈರು ಮಾತ್ರ ಹಳೆಯದೇ.

ಹಿತ್ತಲಿನ ಹೊಸ ಕ್ಯಾಮೆರಾಗಳೂ ರಾತ್ರಿ ಕಪ್ಪಾದವು. ಹಳೆಯವು ಹತ್ತು ಗಂಟೆಯವರೆಗಾದರೂ ನಡೆಯುತ್ತಿದ್ದವು, ಹೊಸವು ದೀಪ ಹಚ್ಚುವ ಹೊತ್ತಿಗೇ ನಿಂತವು.

ಹಗಲು ನಡೆದು ರಾತ್ರಿ ನಿಲ್ಲುವ ಕ್ಯಾಮೆರಾ ತನ್ನ ರೋಗವನ್ನು ತಾನೇ ಹೇಳುತ್ತಿರುತ್ತದೆ, ಕೇಳುವವರು ಬೇಕು ಅಷ್ಟೇ. ಕತ್ತಲಾದೊಡನೆ ಅದರೊಳಗಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಹಗಲು ಕಾಲು ಆಂಪಿಯರ್ ಸಾಕಾಗಿದ್ದ ಕ್ಯಾಮೆರಾಕ್ಕೆ ಆಗ ಅದರ ದುಪ್ಪಟ್ಟು ಬೇಕು. ಕರೆಂಟು ಹೆಚ್ಚು ಎಳೆದಷ್ಟೂ ತೆಳ್ಳಗಿನ ಉದ್ದ ವೈರಿನಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಘಟಪ್ರಭಾ ಎಡದಂಡೆ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲಿನವರೆಲ್ಲ ಒಟ್ಟಿಗೆ ನೀರು ಎಳೆದ ದಿನ ಕೆಳಗಿನವರ ಪಾಲಿಗೆ ಏನು ಉಳಿಯುತ್ತದೆಂದು ಅವರಿಗೆ ಗೊತ್ತು.

ಅಣ್ಣನ ಮನೆ ಉದ್ದನೆಯದು. ಪಡಸಾಲೆಯಲ್ಲಿರುವ ಪವರ್ ಸಪ್ಲೈಯಿಂದ ಹಿತ್ತಲಿನ ದನದ ಕೊಟ್ಟಿಗೆಯವರೆಗೆ ಸುಮಾರು ನಲವತ್ತು ಮೀಟರ್ ವೈರು ಓಡಿದೆ. ಊರಿಗೆ ಹೋದಾಗ ಪರಿಚಯದ ಎಲೆಕ್ಟ್ರಿಷಿಯನ್ನನಿಂದ ಮಲ್ಟಿಮೀಟರ್ ಹಿಡಿಸಿದೆವು. ಸಪ್ಲೈ ಹತ್ತಿರ 12 ವೋಲ್ಟ್. ಕೊಟ್ಟಿಗೆಯ ಕ್ಯಾಮೆರಾದ ಬಾಯಲ್ಲಿ ಹಗಲು 11ರ ಮೇಲಿತ್ತು, ಕತ್ತಲಾದ ಮೇಲೆ 10ಕ್ಕಿಂತ ಕೆಳಗೆ ಇಳಿಯಿತು. ಇಂಥ ಹಲವು ಕ್ಯಾಮೆರಾಗಳು ಶೇ 10ರಷ್ಟು ಏರುಪೇರು ಸಹಿಸುತ್ತವೆ, 10.8 ವೋಲ್ಟಿಗಿಂತ ಕೆಳಗೆ ಇಳಿದರೆ ಹೊಸದಾದರೇನು, ಹಳೆಯದಾದರೇನು. ಎಲೆಕ್ಟ್ರಿಷಿಯನ್ ವೈರಿನ ತುದಿ ಸುಲಿದು, ಕೆಂಪಗೆ ಹೊಳೆಯುತ್ತಿದ್ದ ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದ. ಕೆಂಪು ಹೋಗಿ ಬೆಳ್ಳಗಿನ ಲೋಹ ಕಂಡಿತು. ಮೇಲೆ ತಾಮ್ರದ ಲೇಪ, ಒಳಗೆಲ್ಲ ಅಲ್ಯೂಮಿನಿಯಂ. ತಾಮ್ರಕ್ಕಿಂತ ಇದರಲ್ಲಿ ಕರೆಂಟಿಗೆ ತಡೆ ಹೆಚ್ಚು. ಮಳೆಗಾಲದ ತೇವಕ್ಕೆ ಇದರ ಜೋಡಣೆಗಳೂ ಬೇಗ ಹಾಳಾಗುತ್ತವೆ. ಜಲಪಾತದ ತುಂತುರು ಗಾಳಿಯಲ್ಲಿ ತೇಲಿ ಬರುವ ಊರಿನಲ್ಲಿ ಕೇಳಬೇಕೇ?

ಹಿತ್ತಲಿನ ಎರಡು ಕ್ಯಾಮೆರಾಗಳಿಗೆ ಕೊಟ್ಟಿಗೆಯ ಹತ್ತಿರದ ಬೋರ್ಡಿನಿಂದಲೇ ಬೇರೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಟ್ಟು, ಮಳೆ ತಾಗದಂತೆ ಡಬ್ಬಿ ಹಾಕಿಸಿದ್ದಕ್ಕೆ ಕೂಲಿ ಸೇರಿ ಆದದ್ದು 900 ರೂಪಾಯಿ. ಹಳೆಯ ಕ್ಯಾಮೆರಾಗಳನ್ನೂ ಅದೇ ಅಡಾಪ್ಟರಿಗೆ ಹಾಕಿ ನೋಡಿದೆವು. ರಾತ್ರಿಯಿಡೀ ನಡೆದವು.

ಇನ್ನೂ ಅಗ್ಗದ ಪರೀಕ್ಷೆ ಒಂದಿತ್ತು, ಅದಕ್ಕೆ ಬಿಡಿಗಾಸೂ ಬೇಡ. ಮುಂಬಾಗಿಲ ಕ್ಯಾಮೆರಾವನ್ನು ಹಿತ್ತಲಿಗೆ, ಹಿತ್ತಲಿನದನ್ನು ಮುಂಬಾಗಿಲಿಗೆ ಅದಲು ಬದಲು ಮಾಡುವುದು. ತೊಂದರೆ ಕ್ಯಾಮೆರಾದ ಜೊತೆ ಸ್ಥಳ ಬದಲಿಸಿದರೆ ಕ್ಯಾಮೆರಾ ಕೆಟ್ಟಿದೆ. ತೊಂದರೆ ಇದ್ದಲ್ಲೇ ಉಳಿದರೆ ವೈರೋ ಸಪ್ಲೈಯೋ ಕೆಟ್ಟಿದೆ. ಮಾರುವವನು ಈ ಪರೀಕ್ಷೆ ಮಾಡದೆ ಕೊಟೇಶನ್ ಬರೆದರೆ ಅದಕ್ಕೆ ಒಪ್ಪಬೇಡಿ.

ಆ ಎರಡನೇ ಸೆಟ್ಟಿನ ಜೊತೆ ಇನ್ನೊಂದು ಸರಕನ್ನೂ ಅಣ್ಣನಿಗೆ ಅಂಟಿಸಲು ನೋಡಿದ್ದರು. ಅದರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ: ಕ್ಲೌಡ್ ಪ್ಲಾನ್, ಅಂದರೆ ದೃಶ್ಯವನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿನಲ್ಲಿ ಇಡುವ ಚಂದಾ. ಒಂದು ಕ್ಯಾಮೆರಾಕ್ಕೆ ತಿಂಗಳಿಗೆ 150 ರೂಪಾಯಿ. "ದಿನಕ್ಕ ಐದ ರೂಪಾಯಿ, ಒಂದ ಚಾದ ರೊಕ್ಕ ಸೈತ ಅಲ್ರಿ" ಎಂದು ಹೇಳಿದರಂತೆ. ಆ ಐದು ರೂಪಾಯಿಯನ್ನು ಪೂರ್ತಿ ಬಿಚ್ಚಿ ನೋಡೋಣ.

ನಾಲ್ಕು ಕ್ಯಾಮೆರಾಕ್ಕೆ ತಿಂಗಳಿಗೆ 600. ವರ್ಷಕ್ಕೆ 7,200. ಕ್ಯಾಮೆರಾ ಐದು ವರ್ಷ ಬಾಳುತ್ತದೆಂದು ಹಿಡಿದರೆ 36,000. ಇದು ಸೆಟ್ಟಿನ ಬೆಲೆಗಿಂತ ಸುಮಾರು ಎರಡು ಪಟ್ಟು. ಇದೇ 600 ರೂಪಾಯಿಯನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಶೇ 6.7ರ ದರದಲ್ಲಿ ಕಟ್ಟಿದರೆ ಕೊನೆಗೆ ಕೈಗೆ ಬರುವುದು ಸುಮಾರು 42,800. ಅಂದರೆ ಪ್ಲಾನಿನ ನಿಜವಾದ ಬೆಲೆ 36,000 ಅಲ್ಲ, 42,800. ಇನ್ನು ಇದಕ್ಕೆ ಪ್ರತಿಯಾಗಿ ಮನೆಯಲ್ಲಿ ಏನಿದೆ? ಡಿವಿಆರ್‌ನಲ್ಲಿ ಒಂದು ಕ್ಯಾಮೆರಾದ ಚಿತ್ರಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಎಂದು ಇಟ್ಟಿದ್ದೇವೆ. ದಿನಕ್ಕೆ 86,400 ಸೆಕೆಂಡು, ಅಷ್ಟೇ ಮೆಗಾಬಿಟ್. ಎಂಟರಿಂದ ಭಾಗಿಸಿದರೆ 10,800 ಮೆಗಾಬೈಟ್, ಅಂದರೆ 10.8 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 43.2 ಜಿಬಿ. ಒಂದು ಟಿಬಿಯ ಡಿಸ್ಕಿನಲ್ಲಿ 23 ದಿನದ ದೃಶ್ಯ ಕೂರುತ್ತದೆ. ಆಮೇಲೆ ಹಳೆಯದು ಅಳಿದು ಹೊಸದು ತುಂಬುತ್ತದೆ. ಆ ಡಿಸ್ಕಿಗೆ ಆಗಲೇ ದುಡ್ಡು ಕೊಟ್ಟಾಗಿದೆ. ಐದು ವರ್ಷದಲ್ಲಿ ಒಮ್ಮೆ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದರೂ ಖರ್ಚು ಪ್ಲಾನಿನ ಒಂದು ವರ್ಷದ ಬಾಬತ್ತನ್ನು ದಾಟುವುದಿಲ್ಲ.

ಡಿವಿಆರನ್ನೇ ಕಳ್ಳ ಎತ್ತಿಕೊಂಡು ಹೋದರೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಡಿವಿಆರನ್ನು ಟಿವಿಯ ಕೆಳಗೆ ಇಡದೆ ಅಟ್ಟದ ಮೇಲೆ, ಗಾಳಿಯಾಡುವ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಬಹುಪಾಲು ಉತ್ತರ ಸಿಕ್ಕಿತು. ಕ್ಲೌಡ್‌ನ ಗತಿ ನೋಡಿ: ಇಂಟರ್‌ನೆಟ್ ಇಲ್ಲದಿದ್ದರೆ ಅಲ್ಲಿ ಏನೂ ಇಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಜನ ಮನೆಗೆ ಬೀಗ ಹಾಕಿ ಹೊರಟರು. ಮನೆ ಖಾಲಿಯಿರುವ ಅಂಥ ಹೊತ್ತಿನಲ್ಲೇ ಕರೆಂಟೂ ನೆಟ್‌ವರ್ಕೂ ಕೈಕೊಡುವುದು. ಇನ್ವರ್ಟರಿಗೆ ಜೋಡಿಸಿದ ಡಿವಿಆರ್ ನೆಟ್ ಇಲ್ಲದೆಯೂ ಬ್ಯಾಟರಿ ಇರುವಷ್ಟು ಹೊತ್ತು ರೆಕಾರ್ಡ್ ಮಾಡುತ್ತದೆ. ಒಂದೇ ವೈಫೈ ಕ್ಯಾಮೆರಾ ಇರುವ ಬಾಡಿಗೆ ಮನೆಯವರು, ಊರಲ್ಲಿ ವಯಸ್ಸಾದವರನ್ನು ಬಿಟ್ಟು ಬಂದವರು ಪ್ಲಾನ್ ತೆಗೆದುಕೊಂಡರೆ ನನ್ನ ತಕರಾರಿಲ್ಲ. ನಾಲ್ಕು ಕ್ಯಾಮೆರಾದ ಮನೆಗೆ ಅದನ್ನು ಮಾರುವುದು ಸುಲಿಗೆ.

ವೈಫೈ ಕ್ಯಾಮೆರಾಗಳ ಗೋಳು ಬೇರೆ. ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹಿಡಿಯುತ್ತವೆ, ಮೊಬೈಲು 5ರಲ್ಲಿದ್ದಾಗ ಎಷ್ಟೋ ಸಲ ಜೋಡಣೆಯೇ ಆಗುವುದಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲಿನ ದಪ್ಪ ಗೋಡೆ ಎರಡು ದಾಟಿದರೆ ಸಿಗ್ನಲ್ ಸತ್ತಂತೆಯೇ. ರೂಟರ್ ಬದಲಿಸಿದ ದಿನ ಕ್ಯಾಮೆರಾ ಆಫ್‌ಲೈನ್ ಆದರೆ ಗಾಬರಿ ಬೇಡ. ಹೊಸ ರೂಟರಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಿ, ಸಾಮಾನ್ಯವಾಗಿ ಅದು ತಾನೇ ಸೇರಿಕೊಳ್ಳುತ್ತದೆ. ಇದಕ್ಕೂ ವಿಸಿಟಿಂಗ್ ಚಾರ್ಜ್ ಎಂದು 500 ತೆಗೆದುಕೊಂಡು ಹೋಗುವವರಿದ್ದಾರೆ.

ರಾತ್ರಿ ಚಿತ್ರ ಮಂಜುಮಂಜಾದರೆ ಮೊದಲು ಜೇಡರ ಬಲೆ ನೋಡಿ. ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ, ಬಲೆಯ ಎಳೆ ಎಲ್‌ಇಡಿಯ ಬೆಳಕಿಗೆ ಬೆಳ್ಳಗೆ ಉರಿಯುತ್ತದೆ. ಒಣ ಬಟ್ಟೆ ಕಟ್ಟಿದ ಕೋಲು ಸಾಕು. ಗಾಜಿನ ಒಳಗಡೆ ಹನಿ ಕಟ್ಟಿದ್ದರೆ ಬಿಚ್ಚಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ರಬ್ಬರಿನ ಸೀಲು ಸರಿಯಾಗಿ ಕೂರಿಸಬೇಕು.

ಎಲ್ಲಕ್ಕಿಂತ ದುಬಾರಿ ದೋಷ ಸದ್ದು ಮಾಡುವುದಿಲ್ಲ. ಮೊಬೈಲಿನಲ್ಲಿ ಲೈವ್ ಚೆನ್ನಾಗಿ ಬರುತ್ತಿರುತ್ತದೆ, ವೈಫೈ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ಸತ್ತು ತಿಂಗಳುಗಳೇ ಆಗಿರುತ್ತವೆ. ಕಳುವಾದ ದಿನ ಪೊಲೀಸರು ಬಂದು ಕೇಳಿದಾಗಲೇ ಗೊತ್ತಾಗುವುದು. ಫೋಟೋಗೆಂದು ಮಾಡಿದ ಸಾಧಾರಣ ಕಾರ್ಡು ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಬಾಳುವುದಿಲ್ಲ. ಹೈ ಎಂಡ್ಯೂರೆನ್ಸ್ ಎಂದು ಬರೆದದ್ದನ್ನೇ ಕೊಳ್ಳಿ, ಸಂತೆಯಲ್ಲಿ ಅರ್ಧ ಬೆಲೆಗೆ ಸಿಗುವ ಕಾರ್ಡು ಮುಟ್ಟಬೇಡಿ. ಡಿವಿಆರ್‌ನ ಗಡಿಯಾರವನ್ನೂ ನೋಡಿ. ಒಳಗಿನ ನಾಣ್ಯದಾಕಾರದ ಸೆಲ್ ಮುಗಿದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹಾರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ಇಂಥ ದೃಶ್ಯದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡಲು ಪ್ರಮಾಣಪತ್ರ ಬೇಕು. ತಾರೀಖೇ ತಪ್ಪಾದ ದೃಶ್ಯಕ್ಕೆ ಸಹಿ ಹಾಕಿ, ಕೋರ್ಟಿನಲ್ಲಿ ಉತ್ತರ ಹೇಳುವವರು ಯಾರು? ಆ ಸೆಲ್ಲಿನ ಬೆಲೆ ಐವತ್ತು ರೂಪಾಯಿಯ ಒಳಗೆ.

ಕರೆಂಟು ಬಿಲ್ಲಿನ ಮಾತನ್ನು ಮಾರುವವರು ಎತ್ತುವುದೇ ಇಲ್ಲ. ನಾಲ್ಕು ಕ್ಯಾಮೆರಾ, ಡಿವಿಆರ್, ರೂಟರ್ ಎಲ್ಲ ಸೇರಿ 35 ವ್ಯಾಟ್ ಎಂದುಕೊಂಡರೆ ತಿಂಗಳಿಗೆ 25 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಉಚಿತ ಪಾಲು 2022–23ರ ಸರಾಸರಿಯ ಮೇಲೆ ನಿಂತಿದೆ. ಆಮೇಲೆ ಹಾಕಿಸಿದ ಕ್ಯಾಮೆರಾ ಆ ಲೆಕ್ಕದಲ್ಲಿ ಇಲ್ಲ, ಆದ್ದರಿಂದ ಹೆಚ್ಚಾದ ಯೂನಿಟ್ಟುಗಳಿಗೆ ಬಿಲ್ ಬರುತ್ತದೆ. ತಿಂಗಳಿಗೆ 200 ಯೂನಿಟ್ಟಿನ ಅಂಚಿನಲ್ಲಿರುವ ಮನೆಯಾದರೆ ಈ 25 ಯೂನಿಟ್ಟೇ ಗಡಿ ದಾಟಿಸಿ ಪೂರ್ತಿ ಬಿಲ್ ಕಟ್ಟಿಸಬಹುದು.

ಮೂಡಲಗಿ, ಹುಕ್ಕೇರಿ ಕಡೆ ಪಂಪ್‌ಸೆಟ್ಟಿನ ಕೇಬಲ್ ಕಾಯಲು ಸಿಮ್ ಹಾಕಿದ ಸೋಲಾರ್ ಕ್ಯಾಮೆರಾ ಹಾಕಿಸುವವರು 28 ದಿನದ ರೀಚಾರ್ಜ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಎಂದು ಲೆಕ್ಕ ಹಾಕಲಿ. ಕಬ್ಬಿನ ಬಿಲ್ ತಡವಾದ ತಿಂಗಳು ಎಲ್ಲಕ್ಕಿಂತ ಮೊದಲು ನಿಲ್ಲುವುದು ಈ ರೀಚಾರ್ಜೇ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ರೂಢಿ. ಕ್ಯಾಮೆರಾ ಹಾಕಿಸಿದ ಮೇಲೆ ಮನೆಯವರು ಹಿತ್ತಲ ಬಾಗಿಲಿನ ಅಗುಳಿ ಹಾಕುವುದನ್ನು ಬಿಡುತ್ತಾರೆ. ಬಂಗಾರ ಲಾಕರಿನಿಂದ ಮನೆಗೆ ಬರುತ್ತದೆ, "ಕ್ಯಾಮೆರಾ ಐತಲ್ಲ" ಎಂಬ ಧೈರ್ಯದ ಮೇಲೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರಿಂದ ಕಳ್ಳತನ, ಬೆಂಕಿಯಂಥ ಸಂದರ್ಭದಲ್ಲಿ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕಿಗೆ ಹೊಣೆಯಿದೆ. ಕ್ಯಾಮೆರಾ ಮಾರಿದವನಿಗೆ ಯಾವ ಹೊಣೆಯೂ ಇಲ್ಲ. ನೆರೆಮನೆಯವರಿಗೆ ಹೇಳಿ ಊರಿಗೆ ಹೋಗುವ ಪದ್ಧತಿ ನನ್ನ ಕಣ್ಣೆದುರೇ ಸವೆಯುತ್ತಿದೆ. ಗಿರಣಿಯ ಪಾಳಿ ಮುಗಿಸಿ ರಾತ್ರಿ ಮನೆಗೆ ಬರುವವರೆಲ್ಲರ ಗುರುತು ಓಣಿಗೇ ಇದ್ದ ಊರು ಗೋಕಾಕ ಫಾಲ್ಸ್. ಕ್ಯಾಮೆರಾವನ್ನೇ ನಂಬುವುದಾದರೆ ತಿಂಗಳ ಮೊದಲ ಭಾನುವಾರ ಹತ್ತು ನಿಮಿಷ ಕೂತು ಹಿಂದಿನ ವಾರದ ಒಂದು ರಾತ್ರಿಯ ದೃಶ್ಯ ತೆಗೆದು ನೋಡಿ, ಗಡಿಯಾರ ನೋಡಿ, ಗಾಜು ಒರೆಸಿ. ಕ್ಯಾಮೆರಾ ಇರುವ ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ?

ಕೆಟ್ಟಾಗ ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ಪೆಟ್ಟಿಗೆಯ ಮೇಲೆ ಅಚ್ಚಾದದ್ದನ್ನೇ ಬಳಸಿ. ಹುಡುಕಿದಾಗ ಮೇಲೆ ಬರುವುದು ವಂಚಕರ ನಂಬರೂ ಆಗಿರಬಹುದು. ಅವರು ಒಂದು ಆ್ಯಪ್ ಹಾಕಿಸಿ ಮೊಬೈಲಿನ ಪರದೆಯನ್ನೇ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೊಸದನ್ನೇ ಕೊಳ್ಳಬೇಕಾಗಿ ಬಂದರೆ ಎರಡು ವಿಷಯಕ್ಕೆ ಪಟ್ಟು ಹಿಡಿಯಿರಿ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೆ ಒಳಪಡದ ಹಳೆಯ ಸರಕು ಅಗ್ಗವಾಗಿ ಸಿಕ್ಕರೂ ಬೇಡ. ಎರಡನೆಯದು ಅಡ್ಮಿನ್ ಪಾಸ್‌ವರ್ಡ್. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತ್ತು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ: ಪಾಸ್‌ವರ್ಡು ಕ್ಯಾಮೆರಾ ಕೂರಿಸಿದವನ ಬಳಿಯೇ ಉಳಿದು, ಪ್ರತಿ ಸಣ್ಣ ಬದಲಾವಣೆಗೂ ಅವನನ್ನೇ ಕರೆದು ದುಡ್ಡು ಕೊಡಬೇಕಾಗುತ್ತದೆ. ನಮ್ಮ ಅಣ್ಣನಿಗೂ ಅದು ಸಿಕ್ಕಿರಲಿಲ್ಲ, ಡಿವಿಆರ್ ರೀಸೆಟ್ ಮಾಡಿಸಬೇಕಾಯಿತು. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್ ಕೈಗೆ ಬಂದು, ಅವನ ಎದುರಿಗೇ ಹೊಸ ಪಾಸ್‌ವರ್ಡ್ ಇಟ್ಟು, ನೀವೇ ಒಮ್ಮೆ ಲಾಗಿನ್ ಆಗಿ, ಆ ರಾತ್ರಿಯ ರೆಕಾರ್ಡಿಂಗನ್ನು ಮಾರನೆಯ ಬೆಳಿಗ್ಗೆ ನೋಡುವವರೆಗೆ ಕೊನೆಯ ಎರಡು ಸಾವಿರ ರೂಪಾಯಿ ನಿಮ್ಮ ಬಳಿಯೇ ಇರಲಿ.